ನಾಲ್ಕನೇ ಜ್ವರಕ್ಕೆ ಕೂತ ಹುಳ

ನಮ್ಮ ಕಡೆ ರೇಷ್ಮೆ ಹುಳಕ್ಕೆ ಜ್ವರ ಬಂತೆಂದರೆ ಯಾರೂ ಗಾಬರಿಯಾಗುವುದಿಲ್ಲ. ಹುಳ ಪೊರೆ ಬಿಡುವುದಕ್ಕೇ ನಾವು ಜ್ವರ ಎನ್ನುತ್ತೇವೆ. ಗೂಡು ಕಟ್ಟುವ ಮೊದಲು ಹುಳ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಕೂತಾಗ ಸೊಪ್ಪು ಮುಟ್ಟುವುದಿಲ್ಲ. ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಒಂದು ದಿನ ಕಳೆದ ಮೇಲೆ ಹಳೆಯ ಚರ್ಮ ಕಳಚಿ, ಹಸಿದು ಏಳುತ್ತದೆ. ಗೊತ್ತಿಲ್ಲದವರು ನೋಡಿದರೆ ಸಾಯುತ್ತಿದೆ ಅನ್ನಬೇಕು, ಹಾಗಿರುತ್ತದೆ.

ನನಗೆ ಇದು ಗೊತ್ತಿತ್ತು. ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದಿನದನ್ನು ಓದುವಾಗ ‘ಪಾಪ, ಪಟ್ಟಣದಲ್ಲಿ ಓದಿದ ಹುಡುಗಿ, ಗೊತ್ತಿರಲಿಲ್ಲ’ ಎಂದು ಯಾರಾದರೂ ನನ್ನನ್ನು ಬಿಟ್ಟುಬಿಡಬಹುದು. ನಾನೂ ಕೆಲವು ವರ್ಷ ನನ್ನನ್ನು ಹಾಗೆಯೇ ಬಿಟ್ಟುಕೊಂಡಿದ್ದೆ.

ಬಾಶೆಟ್ಟಿಹಳ್ಳಿ ಕಡೆಯ ಮಧುರೆಯ ಹತ್ತಿರದ ನಮ್ಮ ಊರಿನಲ್ಲಿ, ಮನೆಯ ಹಿಂದೆ, ಶೀಟು ಹೊದಿಸಿದ ಉದ್ದನೆಯ ಹುಳದ ಮನೆ ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದವಳು ಅತ್ತೆ, ಎಂದರೆ ಅಪ್ಪನ ತಂಗಿ. ಗಂಡ ಇನ್ನೊಬ್ಬಳನ್ನು ಕರೆತಂದ ಮೇಲೆ ಒಂದು ಟ್ರಂಕಿನೊಂದಿಗೆ ತವರಿಗೆ ಬಂದವಳು. ಅಪ್ಪ ಆವತ್ತು ಹೇಳಿದ್ದರಂತೆ: “ಹುಳ ನೋಡ್ಕಂಡಿರು. ಹುಳ ಇರೋಗಂಟ ನಿಂಗೂ ಜಾಗ ಐತೆ.” ಅದು ಅಕ್ಕರೆಯ ಮಾತು ಎಂದೇ ನಮ್ಮ ಮನೆಯಲ್ಲಿ ಎಲ್ಲರೂ ತಿಳಿದಿದ್ದರು. ಅತ್ತೆ ಮಾತ್ರ ಅದನ್ನು ಷರತ್ತು ಎಂದು ತಿಳಿದಿದ್ದಳು. ಟ್ರಂಕನ್ನು ಮನೆಯೊಳಗೆ ಇಡಲೇ ಇಲ್ಲ, ಹುಳದ ಮನೆಯ ಬಾಗಿಲ ಪಕ್ಕದಲ್ಲಿ ಇಟ್ಟುಕೊಂಡಳು.

ಬರೆಯುವಾಗ ಅಪ್ಪನಿಗೆ ಬಹುವಚನ, ಅತ್ತೆಗೆ ಏಕವಚನ ಬರುತ್ತಿದೆ. ತಿದ್ದೋಣ ಎನಿಸಿತು. ತಿದ್ದಲಿಲ್ಲ. ಇದ್ದದ್ದು ಹಾಗೆಯೇ.

ಸುತ್ತಲಿನ ಊರುಗಳವರು ಅವಳ ಹತ್ತಿರ ಹುಳ ತರುತ್ತಿದ್ದರು. ಸೊಪ್ಪಿನ ಮೇಲೆ ಹತ್ತು ಹುಳ ಹಾಕಿಕೊಂಡು, ಮೇಲೆ ಒದ್ದೆ ಬಟ್ಟೆ ಮುಚ್ಚಿ, ಬೈಕಿನಲ್ಲಿ ಬರುತ್ತಿದ್ದರು. ಅತ್ತೆ ಒಂದನ್ನು ಎತ್ತಿ ಮಣಿಕಟ್ಟಿನ ಮೇಲೆ ಬಿಟ್ಟುಕೊಳ್ಳುತ್ತಿದ್ದಳು. ಮೂಸುತ್ತಿದ್ದಳು. ಇದು ಹಾಲುತೊಂಡೆ ರೋಗ, ಇದು ಸುಣ್ಣಕಟ್ಟು ರೋಗ, ಇದಕ್ಕೆ ಏನೂ ಆಗಿಲ್ಲ ನಿಮ್ಮ ಸೊಪ್ಪೇ ಒದ್ದೆ, ಹೀಗೆ ಹೇಳಿ ಕಳಿಸುತ್ತಿದ್ದಳು. ತಪ್ಪಿದ್ದನ್ನು ನಾನು ಕಂಡಿಲ್ಲ. ಈ ವಾಕ್ಯವನ್ನೂ ಪೂರ್ತಿ ನಂಬಬೇಡಿ. ತಪ್ಪಿದ್ದಾಗ ಅವರು ಮತ್ತೆ ಬಂದಿರಲಿಕ್ಕಿಲ್ಲ.

ನನ್ನ ಎಂ.ಟೆಕ್. ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದಾಗ ಗೈಡ್‌ಗೆ ಇದನ್ನು ಹೇಳಿದೆ. ಅವರಿಗೆ ಬಹಳ ಹಿಡಿಸಿತು. ಹಳೆಯ ಕಾಲದ ಮೇಷ್ಟ್ರು. ತರ್ಕದಿಂದ ನಡೆಯುವ ಪ್ರೊಲಾಗ್ ಎಂಬ ಭಾಷೆಯ ಮೇಲೆ ಅವರಿಗೆ ಪ್ರೀತಿ. “ಈಗೆಲ್ಲ ರಾಶಿ ರಾಶಿ ಫೋಟೊ ಸುರಿದು ಯಂತ್ರಕ್ಕೆ ಕಲಿಸ್ತಾರಮ್ಮ. ಅದು ಯಾಕೆ ಹಾಗಂತು ಅಂತ ಕೇಳಿದ್ರೆ ಉತ್ತರ ಇರಲ್ಲ. ನಮ್ದು ಕಾರಣ ಹೇಳುತ್ತೆ. ನಿಮ್ಮತ್ತೆ ತಲೇಲಿರೋದನ್ನ ನಿಯಮ ಮಾಡಿ ತಗೊಂಬಾ” ಅಂದರು.

ತಲೆಯಲ್ಲಿರುವುದನ್ನು ತರಬೇಕು. ಆ ಮಾತನ್ನು ನಾನು ಅಕ್ಷರಶಃ ತೆಗೆದುಕೊಂಡೆ.

ವಾರವಾರವೂ ಊರಿಗೆ ಹೋಗಿ ಅತ್ತೆಯನ್ನು ಸೊಪ್ಪು ಕತ್ತರಿಸುವ ಮಣೆಯ ಮೇಲೆ ಕೂರಿಸಿ, ಫೋನಿನಲ್ಲಿ ರೆಕಾರ್ಡ್ ಹಾಕಿ ಪ್ರಶ್ನೆ ಕೇಳುತ್ತಿದ್ದೆ. ಮೊದಲ ವಾರಗಳಲ್ಲಿ ಅವಳಿಗೆ ಖುಷಿಯಿತ್ತು. ಸೀರೆ ಬದಲಾಯಿಸಿಕೊಂಡು ಬಂದು ಕೂರುತ್ತಿದ್ದಳು. ತನ್ನ ಮಾತನ್ನು ಯಾರಾದರೂ ಬರೆದುಕೊಂಡದ್ದು ಅದೇ ಮೊದಲಿರಬೇಕು.

“ಸಪ್ಪೆ ರೋಗ ಅಂತ ಹೆಂಗೆ ಗೊತ್ತಾಗುತ್ತೆ, ಅತ್ತೆ?”

“ಸೊಪ್ಪು ಉಳಿಸ್ತವೆ. ಒಂದು ದೊಡ್ದು ಒಂದು ಸಣ್ದು ಆಯ್ತವೆ. ಅಲ್ಲಾಡದಂಗೆ ಬಿದ್ದಿರ್ತವೆ.”

“ಜ್ವರಕ್ಕೆ ಕೂತಾಗಲೂ ಹಂಗೇ ಇರ್ತವಲ್ಲ?”

“ಜ್ವರದಾಗೆ ಇರೋದೇ ಬ್ಯಾರೆ ಕಣವ್ವ.”

“ಏನು ಬೇರೆ?”

“ಬ್ಯಾರೆ.”

“ಬೇರೆ ಅಂದ್ರೆ ಏನು ಬೇರೆ ಅಂತ ಹೇಳ್ಬೇಕು ಅತ್ತೆ, ಕಂಪ್ಯೂಟರಿಗೆ.”

ಅವಳು ಯೋಚಿಸುತ್ತಿದ್ದಳು. ಒಂದು ಹುಳ ಎತ್ತಿ ನನ್ನ ಅಂಗೈಯಲ್ಲಿ ಇಡುತ್ತಿದ್ದಳು, ಉತ್ತರ ಅದೇ ಎಂಬಂತೆ. ಅಂಗೈಯನ್ನು ಟೈಪ್ ಮಾಡಲು ಆಗುವುದಿಲ್ಲ. ಹುಳವನ್ನು ವಾಪಸ್ ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆ.

ಆ ಭಾಷೆಯ ರೀತಿ ಸರಳ. ನಿಜವಾದ ಸಂಗತಿಗಳ ಒಂದು ಪಟ್ಟಿ, ಅವುಗಳಿಂದ ಇನ್ನೊಂದನ್ನು ತೀರ್ಮಾನಿಸುವ ನಿಯಮಗಳು. ಪ್ರಶ್ನೆ ಹಾಕಿದರೆ ಅದು ನಿಯಮಗಳನ್ನು ಮೇಲಿಂದ ಕೆಳಗೆ ಒಂದೊಂದಾಗಿ ಪ್ರಯತ್ನಿಸುತ್ತದೆ. ಒಂದು ಕೂಡದಿದ್ದರೆ ಹಿಂದೆ ಬಂದು ಇನ್ನೊಂದನ್ನು ಹಿಡಿಯುತ್ತದೆ. ಮೊದಮೊದಲು ಅದು ಅತ್ತೆಗಿಂತ ಜಾಣ ಎನಿಸುತ್ತಿತ್ತು. ನಿಯಮಗಳು ಮೂವತ್ತು ದಾಟಿದ ಮೇಲೆ ಒಂದನ್ನು ಸೇರಿಸಿದರೆ ಇನ್ನೆಲ್ಲೋ ಎರಡು ಕೆಡುತ್ತಿದ್ದವು. ಮಳೆಗಾಲದ ನಿಯಮ ಬೇಸಿಗೆಯ ನಿಯಮಕ್ಕೆ ಅಡ್ಡ ಬರುತ್ತಿತ್ತು. ‘ಸ್ವಲ್ಪ’ ಎಂಬ ಮಾತಿಗೆ ಅದರಲ್ಲಿ ಜಾಗವಿರಲಿಲ್ಲ. ‘ಒಂದೊಂದ್ಸಲ’ ಎಂಬುದಕ್ಕೂ. ಅತ್ತೆಯ ಮಾತಿನಲ್ಲಿ ಅರ್ಧ ಭಾಗ ಅವೇ ಎರಡು.

ಈ ಕೋಪವನ್ನು ನಾನು ಭಾಷೆಯ ಮೇಲೆ ತೀರಿಸಿಕೊಳ್ಳಬೇಕಿತ್ತು. ತೀರಿಸಿಕೊಂಡದ್ದು ಅವಳ ಮೇಲೆ.

“ಹೋದ ವಾರ ಹಿಂಗಂದೆ, ಈಗ ಹಂಗಂತೀಯ. ಯಾವುದು ಸರಿ?” ಎಂದು ರೆಕಾರ್ಡ್ ಹಾಕಿ ಕೇಳಿಸುತ್ತಿದ್ದೆ. ತನ್ನದೇ ದನಿ ಫೋನಿನಿಂದ ಬಂದಾಗ ಅವಳು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಅಪ್ಪ ಜಗಲಿಯಿಂದಲೇ ನಗುತ್ತಿದ್ದರು: “ಸಿಕ್ಕಾಕ್ಕಂಡ್ಲು ನೋಡು! ಇಷ್ಟು ವರ್ಸ ನಮ್ಗೆಲ್ಲ ಹಿಂಗೇ ಆಟ ಆಡ್ಸವ್ಳೆ.” ಎದುರು ಮನೆಯ ರೈತ, ಮಾತಿನಲ್ಲಿ ಚುಚ್ಚುವುದೇ ಕಸುಬು, “ಅಕ್ಕಂಗೆ ಪಬ್ಲಿಕ್ ಪರೀಕ್ಸೆ ಏನವ್ವ? ಸಪ್ಲಿಮೆಂಟ್ರಿ ಇಡು, ಒಂದೇ ಸಲಕ್ಕೆ ಪಾಸಾಗಾಕಿಲ್ಲ” ಎನ್ನುತ್ತಿದ್ದ. ನಾನೂ ನಗುತ್ತಿದ್ದೆ. ಜೋರಾಗಿಯೇ ನಕ್ಕಿರಬೇಕು, ರೆಕಾರ್ಡಿನಲ್ಲಿ ಇದೆ.

ಮೂರನೇ ತಿಂಗಳಿಗೆ ಅತ್ತೆ ಪ್ರಶ್ನೆಗೆ ಉತ್ತರ ಕೊಡುವ ಮೊದಲು ನನ್ನ ಮುಖ ನೋಡುವುದನ್ನು ಕಲಿತಿದ್ದಳು. “ಯಾವ್ದು ಅಂದ್ರೆ ಸರಿಯಾಯ್ತದೆ, ಹೇಳವ್ವ, ಅದೇ ಅಂತೀನಿ” ಎಂದು ಒಂದು ಸಲ ಕೇಳಿದಳು. ಅದನ್ನು ನಾನು ದಿನಚರಿಯಲ್ಲಿ ‘ಮಾಹಿತಿದಾರರ ಸಹಕಾರ ಹೆಚ್ಚಾಗಿದೆ’ ಎಂದು ಬರೆದುಕೊಂಡಿದ್ದೇನೆ. ಇದು ನೆನಪಲ್ಲ, ನೋಟ್‌ಬುಕ್ ಈಗ ನನ್ನ ಮುಂದಿದೆ.

ಇನ್ನೊಂದು, ಗುಂಡಿಯ ವಿಷಯ. ಉತ್ತರ ಒತ್ತಲು ಪ್ರೋಗ್ರಾಮಿನ ಪರದೆಯ ಮೇಲೆ ಮೊದಲು ಮೂರು ಗುಂಡಿ ಇಟ್ಟಿದ್ದೆ: ಹೌದು, ಇಲ್ಲ, ಗೊತ್ತಿಲ್ಲ. ಗೈಡ್ ಅದನ್ನು ನೋಡಿ ನಕ್ಕರು. “ಮೂರನೇದು ಯಾಕಮ್ಮ? ಯಾವುದನ್ನ ಸಾಬೀತು ಮಾಡಕ್ಕಾಗಲ್ವೋ ಅದು ಸುಳ್ಳು ಅಂತಲೇ ಈ ಭಾಷೆ ತಗೊಳ್ಳೋದು. ಗೊತ್ತಿಲ್ಲ ಅಂದ್ರೂ ಅದಕ್ಕೆ ಇಲ್ಲಾನೇ. ಸುಮ್ನೆ ಜಾಗ ದಂಡ.” ತೆಗೆದುಹಾಕಿದೆ. ಪರದೆ ಚೊಕ್ಕಟವಾಗಿ ಕಂಡಿತು.

ಪ್ರಾತ್ಯಕ್ಷಿಕೆಯನ್ನು ನಮ್ಮ ಹುಳದ ಮನೆಯಲ್ಲೇ ಇಟ್ಟುಕೊಳ್ಳೋಣ ಎಂದವಳು ನಾನು. ಗೈಡ್ ಕಾರಿನಲ್ಲಿ ಬಂದರು. ಊರಿನ ಏಳೆಂಟು ಜನ ರೈತರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತರು. ಅಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿದ್ದರು. ಹಂತಹಂತವಾಗಿ ಕಟ್ಟಿದ ಸ್ಟ್ಯಾಂಡುಗಳ ಮೇಲೆ ಕಡ್ಡಿ ಸಮೇತ ಸೊಪ್ಪು, ಅದರ ಮೇಲೆ ಹುಳ. ಇದಕ್ಕೆ ಹಾಸಿಗೆ ಎನ್ನುತ್ತೇವೆ. ಇಡೀ ಮನೆಯಲ್ಲಿ ಸದ್ದಿರಲಿಲ್ಲ. ಹುಳ ತಿನ್ನುವಾಗ ಕೊಠಡಿ ತುಂಬ ಇರುವ ಸರಸರ ಸದ್ದು ಆವತ್ತು ಇರಲಿಲ್ಲ. ನಾಲ್ಕನೇ ಜ್ವರಕ್ಕೆ ಕೂತಿವೆ ಎಂದು ಒಳಗೆ ಕಾಲಿಟ್ಟ ಕೂಡಲೇ ನನಗೆ ತಿಳಿಯಿತು. ತಿಳಿಯದೆ ಇರಲು ಸಾಧ್ಯವಿಲ್ಲ, ನಾನು ಆ ಸದ್ದಿನೊಳಗೇ ಬೆಳೆದವಳು.

ಲ್ಯಾಪ್‌ಟಾಪನ್ನು ಅತ್ತೆಯ ಟ್ರಂಕಿನ ಮೇಲೆ ಇಟ್ಟೆ. ಅತ್ತೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಪ್ರಶ್ನೆ ಪರದೆಯ ಮೇಲೆ ಬರುವುದು, ನಾನು ಓದುವುದು, ಅವಳು ಹುಳ ನೋಡಿ ಹೇಳುವುದು, ನಾನು ಗುಂಡಿ ಒತ್ತುವುದು.

ಸೊಪ್ಪು ಉಳಿದಿದೆಯೇ? “ಉಳಿದೈತೆ.” ಹೌದು.

ಹುಳಗಳು ಅಲುಗಾಡುತ್ತಿಲ್ಲವೇ? “ಇಲ್ಲ, ಅಲ್ಲಾಡ್ತಿಲ್ಲ.” ಹೌದು.

ಗಾತ್ರದಲ್ಲಿ ಏರುಪೇರು ಇದೆಯೇ? “ಈ ಬದಿ ಒಂಚೂರು ಹಿಂದೆ ಬಿದ್ದವೆ.” ಹೌದು.

ಜ್ವರಕ್ಕೆ ಕೂತಿವೆಯೇ?

ಅತ್ತೆ ಸುಮ್ಮನಾದಳು.

ಇದಕ್ಕೆ ಕಾರಣವಿತ್ತು. ಇಡೀ ಹಾಸಿಗೆ ಕೂರುವ ತನಕ ‘ಜ್ವರಕ್ಕೆ ಕೂತವೆ’ ಎಂದು ಬಾಯಿ ಬಿಟ್ಟು ಹೇಳಬಾರದು ಎಂಬುದು ಅವಳ ಪಾಠ. ಹೇಳಿದರೆ ಯಾರಾದರೂ ಸೊಪ್ಪು ನಿಲ್ಲಿಸಿ, ಹಾಸಿಗೆ ಒಣಗಲೆಂದು ಸುಣ್ಣದ ಪುಡಿ ಎರಚಿಬಿಡುತ್ತಾರೆ. ಹಿಂದೆ ಬಿದ್ದ ಹುಳಗಳು ಹಸಿದುಕೊಂಡೇ ಕೂರುತ್ತವೆ, ಹಾಗೆ ಕೂತವು ಏಳುವುದಿಲ್ಲ. ಆದ್ದರಿಂದ ಕೊನೆಯ ಹುಳ ತಲೆ ಎತ್ತುವ ತನಕ ನಾಲಿಗೆ ಬಿಗಿಹಿಡಿಯಬೇಕು. ಕೆಲಸದ ಲೆಕ್ಕಾಚಾರ ನಂಬಿಕೆಯಾಗಿ ಗಟ್ಟಿಯಾಗಿತ್ತು. ಇದೂ ನನಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಹೀಗೆ ಹೇಳಿಬಿಟ್ಟು ಅವಳಿಂದ ಬಾಯಿಯ ಮೇಲೆ ಏಟು ತಿಂದಿದ್ದೇನೆ.

“ಹೇಳತ್ತೆ.”

“ಹಿಡ್ಕಂಡವೆ” ಅಂದಳು ಅತ್ತೆ, ಮೆಲ್ಲಗೆ. ಒಂದು ಹುಳವನ್ನು ಎರಡು ಬೆರಳಲ್ಲಿ ಎಳೆದು ತೋರಿಸಿದಳು. ಹುಳ ಕಡ್ಡಿಯನ್ನು ಬಿಡಲಿಲ್ಲ. “ನೋಡು, ಬರಾಕಿಲ್ಲ. ಹಿಡ್ಕಂಡೈತೆ.”

ಜ್ವರಕ್ಕೆ ಕೂರುವ ಹುಳ ಕಾಲೂರಿ ಕಡ್ಡಿಯನ್ನು ಗಟ್ಟಿಯಾಗಿ ಹಿಡಿಯುತ್ತದೆ, ರೋಗದ ಹುಳ ಮುಟ್ಟಿದರೆ ಉದುರುತ್ತದೆ. ಆರು ತಿಂಗಳು ‘ಏನು ಬೇರೆ, ಏನು ಬೇರೆ’ ಎಂದು ನಾನು ಅವಳನ್ನು ಹಿಂಡಿದ್ದಕ್ಕೆ ಉತ್ತರ ಅದೇ ಆಗಿತ್ತು. ಆ ಗಳಿಗೆಯಲ್ಲಿ, ಎಲ್ಲರ ಮುಂದೆ, ಅವಳಿಗೆ ಕೊನೆಗೂ ಮಾತು ಸಿಕ್ಕಿತ್ತು. ನನ್ನ ಪಟ್ಟಿಯಲ್ಲಿ ಹಿಡಿತ ಎಂಬುದಿರಲಿಲ್ಲ.

“ಹಿಡ್ಕಂಡಿರೋದು ಕೇಳ್ಲಿಲ್ಲ ಅತ್ತೆ. ಜ್ವರ ಐತೋ ಇಲ್ವೋ? ಒಂದೇ ಮಾತಲ್ಲಿ ಹೇಳು. ಹೌದಾ, ಇಲ್ವಾ?”

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಎದುರು ಮನೆಯವನು, “ಅಕ್ಕೋ, ಫೋನ್ ಮಾಡಿ ಹುಳುಗೋಳ್ನೇ ಕೇಳ್ಬಿಡು” ಅಂದ. ಗೈಡ್ ಗಡಿಯಾರ ನೋಡಿದರು. ಅಪ್ಪ ಹಲ್ಲು ಕಚ್ಚಿಕೊಂಡು, “ಬೊಗಳೇ ಅದೇನಂತ, ಸಾಹೇಬ್ರು ಕಾಯ್ತಾವ್ರೆ” ಅಂದರು.

ಇಲ್ಲಿಂದ ಮುಂದಿನ ಕ್ಷಣದ ವಿಷಯದಲ್ಲಿ ನನ್ನ ನೆನಪು ಬಹಳ ಕಾಲ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತಿತ್ತು. ಅತ್ತೆ ‘ಇಲ್ಲ’ ಅಂದಳು, ನಾನು ಇಲ್ಲ ಎಂದು ಒತ್ತಿದೆ. ಸ್ಪಷ್ಟವಾಗಿ ನೆನಪಿತ್ತು, ಅವಳ ತುಟಿಯ ಚಲನೆಯೂ ಸಹ. ಹೋದ ವರ್ಷ ಹಳೆಯ ಫೋನಿನ ಕಡತಗಳನ್ನು ಅಳಿಸುವಾಗ ಆವತ್ತಿನ ರೆಕಾರ್ಡ್ ಸಿಕ್ಕಿತು. ಅತ್ತೆಯ ದನಿ ಹೇಳುತ್ತದೆ: “ಈಗ ಹೇಳ್ಬಾರ್ದು ಕಣವ್ವ.” ಆಮೇಲೆ ನನ್ನ ದನಿ: “ಸರಿ, ಇಲ್ಲ ಅಂತ ಹಾಕ್ತೀನಿ.”

ಆ ‘ಇಲ್ಲ’ ನನ್ನದು. ಅವಳ ತುಟಿಯ ಚಲನೆಯನ್ನು ನಾನು ಎಲ್ಲಿಂದ ತಂದೆನೋ.

ಪರದೆಯ ಮೇಲೆ ಬಂತು: ಸಪ್ಪೆ ರೋಗ. ಕೆಳಗೆ ಪರಿಹಾರ: ‘ಇಡೀ ಹಾಸಿಗೆ ತೆಗೆದು, ಗುಂಡಿ ತೋಡಿ, ಸುಣ್ಣ ಹಾಕಿ ಹೂಳಬೇಕು. ಒಂದು ಹುಳವನ್ನೂ ಉಳಿಸಬಾರದು.’

ಗೈಡ್ ಖುಷಿಯಾಗಿ ಮುಂದೆ ಬಂದು ‘ಯಾಕೆ?’ ಎಂಬ ಗುಂಡಿ ಒತ್ತಿದರು. ಸೊಪ್ಪು ಉಳಿದಿರುವುದರಿಂದ, ಅಲುಗಾಡದಿರುವುದರಿಂದ, ಗಾತ್ರ ಏರುಪೇರಾಗಿರುವುದರಿಂದ, ಜ್ವರ ಇಲ್ಲದಿರುವುದರಿಂದ ಎಂದು ಸಾಲುಸಾಲಾಗಿ ಬಂತು. “ನೋಡಿ, ಕಾರಣ ಕೊಡ್ತು” ಎಂದು ರೈತರ ಕಡೆ ತಿರುಗಿದರು. ಅದು ಕೊಟ್ಟದ್ದು ನಾನು ಹಾಕಿದ್ದನ್ನೇ. ಕನ್ನಡಿಯ ಮುಂದೆ ನಿಂತು ‘ನೀನು ಯಾರು’ ಎಂದು ಕೇಳಿದ ಹಾಗೆ.

“ಅಕ್ಕಂಗಿಂತ ಡಬ್ಬಾನೇ ವಾಸಿ ಬುಡಿ” ಅಂದ ಎದುರು ಮನೆಯವನು. “ಕೇಳಿದ್ಕೆ ಸೀದಾ ಹೇಳ್ತದೆ. ಅಕ್ಕನ್ನ ಕೇಳಿದ್ರೆ ಹಿಡ್ಕಂಡವೆ, ಬುಟ್ಟವೆ ಅಂತ ಪುರಾಣ.”

ಅತ್ತೆ ಅಪ್ಪನ ಕಡೆ ನೋಡಿದಳು. “ಅಣ್ಣಾ, ರೋಗ ಅಲ್ಲ ಇದು. ನಾಳೆ ಈ ಹೊತ್ತಿಗೆ ನೋಡು.”

“ಒಂದು ಹುಳಾನೂ ಉಳಿಸ್ಬಾರ್ದು ಅಂತ ಬಂದದಲ್ಲೇ?”

“ಅದು ಯಾರ್ ಹೇಳಿದ್ದು?”

ಅಪ್ಪ ನನ್ನ ಕಡೆ ನೋಡಿದರು. ನಾನು ಹೇಳಿದೆ: “ನೀನೇ ಅತ್ತೆ. ಪರಿಹಾರ ಎಲ್ಲಾ ನಿನ್ನ ಮಾತೇ. ರೆಕಾರ್ಡ್ ಇದೆ, ಹಾಕ್ಲಾ?”

ಹಾಕಿದೆ. ಅವಳದೇ ದನಿ, ಖುಷಿಯ ದಿನಗಳದು, ಸೀರೆ ಬದಲಾಯಿಸಿಕೊಂಡು ಬಂದು ಕೂತಾಗಿನದು: “ಸಪ್ಪೆ ರೋಗ ಬಂತು ಅಂದ್ರೆ ಕನಿಕರ ನೋಡ್ಬಾರ್ದು ಕಣವ್ವ, ಒಂದ್ ಹುಳಾನೂ ಉಳಿಸ್ಬಾರ್ದು.” ಎಲ್ಲರೂ ನಕ್ಕರು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಳ್ಳಲಿಲ್ಲ. ಕೈ ಕೆಳಗೇ ಇತ್ತು.

ಆ ಮಧ್ಯಾಹ್ನವೇ ಹಿತ್ತಲಲ್ಲಿ ಗುಂಡಿ ತೋಡಿದರು. ಪಕ್ಕದ ತೋಟಗಳಿಗೂ ಹರಡೀತು ಎಂದು ಉಳಿದ ರೈತರೂ ಕೈಹಾಕಿದರು. ಕಡ್ಡಿ ಸಮೇತ ಎತ್ತಿ ಸುರಿದರು. ಕಡ್ಡಿಯನ್ನು ಒದರಿದರೂ ಹುಳ ಉದುರುತ್ತಿರಲಿಲ್ಲ. ಅದನ್ನು ಎಲ್ಲರೂ ನೋಡಿದರು. ಇಷ್ಟು ವರ್ಷ ಹುಳ ಸಾಕಿದ ಜನ, ಉದುರದ ಹುಳವನ್ನು ಕೈಯಲ್ಲಿ ಹಿಡಿದುಕೊಂಡು, ಯಾರೂ ಒಂದು ಮಾತು ಆಡಲಿಲ್ಲ. ಯಂತ್ರ ಹೇಳಿಯಾಗಿತ್ತು, ಸಾಹೇಬರು ಒಪ್ಪಿಯಾಗಿತ್ತು. ಅತ್ತೆಗೆ ಸುಣ್ಣದ ಚೀಲ ಹೊರುವ ಕೆಲಸ ಕೊಟ್ಟರು. ಹೊತ್ತಳು.

ಮಾರನೆಯ ದಿನ ಸಂಜೆ ನಾನು ಹಿತ್ತಲಿಗೆ ಹೋದೆ. ಗುಂಡಿಯ ಅಂಚಿನಲ್ಲಿ, ಸುಣ್ಣ ತಾಗದೆ ಮಣ್ಣಿನಿಂದ ಹೊರಗೆ ಚಾಚಿಕೊಂಡಿದ್ದ ಒಂದೆರಡು ಕಡ್ಡಿಗಳ ಮೇಲೆ ಐದಾರು ಹುಳ ಇದ್ದವು. ಪಕ್ಕದಲ್ಲಿ ಅವುಗಳ ಹಳೆಯ ಚರ್ಮ. ಹೊಸ ಮೈ, ಬೆಳ್ಳಗೆ, ನೆರಿಗೆ ನೆರಿಗೆ. ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತ ಸೊಪ್ಪು ಹುಡುಕುತ್ತಿದ್ದವು.

ಜ್ವರದಿಂದ ಎದ್ದಿದ್ದವು.

ನಾನು ಏನು ಮಾಡಿದೆ? ಸೊಪ್ಪು ತಂದು ಹಾಕಿದೆ ಎಂದು ಬರೆಯಲು ಇಷ್ಟ. ಕಾಲಿನಿಂದ ಮಣ್ಣು ತಳ್ಳಿದೆ ಎಂದೇ ನೆನಪು. ಇದಕ್ಕೆ ರೆಕಾರ್ಡ್ ಇಲ್ಲ, ಆದರೂ ಇದನ್ನು ನಂಬುತ್ತೇನೆ, ನನ್ನ ಪರವಾಗಿ ಇಲ್ಲದ ನೆನಪು ಆದ್ದರಿಂದ.

ವರದಿ ಒಪ್ಪಿಸಿದ್ದು ಅದಾದ ಮೇಲೆ. ‘ಕ್ಷೇತ್ರ ಪರೀಕ್ಷೆ’ ಎಂಬ ಅಧ್ಯಾಯದಲ್ಲಿ ಆ ದಿನ ‘ಯಶಸ್ವಿ ರೋಗಪತ್ತೆ’ ಎಂದಿದೆ. ಮೌಖಿಕ ಪರೀಕ್ಷೆಯಲ್ಲಿ ಒಬ್ಬರು ಕೇಳಿದರು: “ಈ ಪದ್ಧತಿಯ ಮಿತಿಗಳೇನು?” ಸಿದ್ಧ ಮಾಡಿಕೊಂಡಿದ್ದ ಉತ್ತರ ಹೇಳಿದೆ: ಅನಿಶ್ಚಯವನ್ನು ಹೇಳಲು ಬರುವುದಿಲ್ಲ, ಪಟ್ಟಿಯಲ್ಲಿ ಇಲ್ಲದ್ದನ್ನು ಲೋಕದಲ್ಲೇ ಇಲ್ಲ ಎಂದುಕೊಳ್ಳುತ್ತದೆ, ನಿಯಮ ಹೆಚ್ಚಿದಷ್ಟೂ ನಿರ್ವಹಣೆ ಕಷ್ಟ. “ಒಂದು ಉದಾಹರಣೆ ಕೊಡಿ” ಅಂದರು. ನನ್ನ ಹತ್ತಿರ ಉದಾಹರಣೆ ಇತ್ತು. “ಸದ್ಯಕ್ಕೆ ನೆನಪಾಗ್ತಿಲ್ಲ ಸರ್” ಅಂದೆ. ತಲೆಯಾಡಿಸಿ ಒಳ್ಳೆಯ ಅಂಕ ಕೊಟ್ಟರು.

ಅತ್ತೆಯ ಹತ್ತಿರ ಹುಳ ತರುವವರು ನಿಂತರು. ಒಂದಿಬ್ಬರು ಬಂದರೂ “ನಿಮ್ಮ ಮಗಳು ಫೋನಿಗೆ ಹಾಕ್ಕೊಟ್ಟವ್ಳಲ್ಲ, ಅದ್ರಲ್ಲಿ ನೋಡಿ ಹೇಳ್ತೀರಾ?” ಎಂದು ಅಪ್ಪನನ್ನು ಕೇಳುತ್ತಿದ್ದರು. ಅತ್ತೆ ತಾನಾಗಿ ಹುಳದ ಮನೆಗೆ ಹೋಗುವುದನ್ನು ಬಿಟ್ಟಳು. ಅಪ್ಪ ಫೋನು ನೋಡಿಕೊಂಡು ಎರಡು ಬೆಳೆ ಇಟ್ಟರು, ಎರಡೂ ಕೆಟ್ಟವು. ಮೂರನೆಯದಕ್ಕೆ ಹೋಗಲಿಲ್ಲ. ಹುಳದ ಮನೆಗೆ ನಡುವೆ ಗೋಡೆ ಎಬ್ಬಿಸಿ, ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಿಗೆ ಹೋಗುವ ಹೊರಗಿನ ಹುಡುಗರಿಗೆ ರೂಮು ಮಾಡಿದರು. ಟ್ರಂಕನ್ನು ಹೊರಗಿಡಬೇಕಾಯಿತು. “ಹುಳ ಇರೋಗಂಟ” ಎಂದು ಅಪ್ಪ ಹೇಳಿದ್ದನ್ನು ಯಾರೂ ನೆನಪಿಸಲಿಲ್ಲ. ಅಗತ್ಯವಿರಲಿಲ್ಲ, ಅತ್ತೆಗೆ ನೆನಪಿತ್ತು. ಅವಳೂ ಬಾಶೆಟ್ಟಿಹಳ್ಳಿಯಲ್ಲಿ ಒಂದು ಪ್ಯಾಕಿಂಗ್ ಕೆಲಸ ಹಿಡಿದು, ಅಲ್ಲೇ ಇನ್ನಿಬ್ಬರು ಹೆಂಗಸರ ಜೊತೆ ರೂಮು ಮಾಡಿದಳು.

ರೆಕಾರ್ಡ್ ಸಿಕ್ಕಿದ ಮೇಲೆ ಅವಳನ್ನು ಹುಡುಕಿಕೊಂಡು ಹೋದೆ. ಬೆಳಗಿನ ಪಾಳಿಯ ಬಸ್ಸಿಗೆ ರಸ್ತೆ ಬದಿಯಲ್ಲಿ ಕಾಯುತ್ತಿದ್ದಳು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಊಟದ ಡಬ್ಬಿ. ಕೂದಲು ಕತ್ತರಿಸಿಕೊಂಡಿದ್ದಳು. ನನ್ನನ್ನು ಕಂಡು “ಏನವ್ವ, ಬಂದ್ಬಿಟ್ಟೆ ಇಷ್ಟು ದೂರ” ಅಂದಳು. ಕಾಫಿ ಕುಡಿದೆಯಾ ಎಂದು ಕೇಳಿದಳು. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿದೆವು. ನಾನು ಕ್ಷಮೆ ಕೇಳಲು ಹೋಗಿದ್ದೆ. ಬಾಯಿಂದ ಬಂದದ್ದು ಮತ್ತೆ ಪ್ರಶ್ನೆಯೇ.

“ಅತ್ತೆ, ಆವತ್ತು ನಾನು ಬೇಕೂಂತ್ಲೇ ಇಲ್ಲ ಅಂತ ಒತ್ತಿದೆ ಅಂತ ನಿಂಗೆ ಗೊತ್ತಿತ್ತಾ?”

ಅತ್ತೆ ನನ್ನ ಮುಖವನ್ನು ನೋಡಿದಳು. ಉತ್ತರ ಹುಡುಕುವಾಗ ನೋಡುತ್ತಿದ್ದಳಲ್ಲ, ಆ ನೋಟವಲ್ಲ. ಬಸ್ಸು ತಿರುವಿನಲ್ಲಿ ಕಾಣಿಸಿತು. ಅವಳು ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು.

“ಒಂದೇ ಮಾತಲ್ಲಿ ಹೇಳ್ಬೇಕಾ?” ಅಂದಳು. “ಹೌದಾ, ಇಲ್ವಾ?”

ನಾನು ತಲೆಯಾಡಿಸಿದೆನೋ ಇಲ್ಲವೋ ತಿಳಿಯದು. ಅವಳು ಕಾಯಲಿಲ್ಲ, ಬಸ್ಸು ಹತ್ತಿದಳು.